ಕಿವಿಗೊಟ್ಟು ನಡೆಯೋಣ

ಆಕಾಶತತ್ತ್ವದ ಇಂದ್ರಿಯವು ಕಿವಿ. ಅದರ ವಿಷಯವು ಶಬ್ದ. ಗುಡುಗು, ಭೇರಿಗಳಂತಹ ಘೋರ ಶಬ್ದಗಳನ್ನು ಮಿತಿಮೀರಿ ಕೇಳುವುದನ್ನು ಚರಕಸಂಹಿತೆಯು ಅತಿಯೋಗವೆಂದೂ, ಏನನ್ನೂ ಕೇಳದಿರುವುದನ್ನು ಅಯೋಗವೆಂದೂ ಕರೆದು, ಎರಡನ್ನೂ ರೋಗಕಾರಣಗಳಲ್ಲಿ ಎಣಿಸಿದೆ. ಹಿತಮಿತವಾದ ಶಬ್ದವೇ ಕಿವಿಗೆ ಪಥ್ಯ.

ಧಾರವಾಡದ ಲೈನ್ ಬಜಾರಿನಲ್ಲಿ ಬೆಳಗಿನ ಹೊತ್ತು ನಡೆಯುವಾಗ ಕಸಬರಿಗೆಯ ಸರಸರ, ಮೇಲೇಳುವ ಶಟರಿನ ಗಡಗಡ, ಪೇಡೆಯ ಅಂಗಡಿಯಲ್ಲಿ ಕಡಾಯಿ ಕೆದಕುವ ಸಪ್ಪಳ, ಹಕ್ಕಿಗಳ ಚಿಲಿಪಿಲಿ ಇವನ್ನು ನಾವು ಬೇರೆಬೇರೆಯಾಗಿ ಗುರುತಿಸಬಲ್ಲೆವೆ? ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕುಂದುವುದು ತಾರಸ್ವರಗಳ ಗ್ರಹಣ. ಬಸ್ಸಿನ ಸದ್ದು ಚೆನ್ನಾಗಿಯೇ ಕೇಳುತ್ತದೆ. ಹಕ್ಕಿಯ ದನಿ, ಮೊಮ್ಮಗುವಿನ ಮಾತು ಅಸ್ಪಷ್ಟವಾಗುತ್ತವೆ. ದನಿ ಕೇಳಿದರೂ ಮಾತು ತಿಳಿಯದೆಂದು ನಮ್ಮಲ್ಲಿಗೆ ಬರುವ ಹಿರಿಯರು ಹೇಳುವುದು ಇದನ್ನೇ. ಮನೆಯವರು ಅದನ್ನು ಅಲಕ್ಷ್ಯವೆಂದು ಭಾವಿಸುತ್ತಾರೆ. ಹಿರಿಯರು ಮಾತು ಬಿಟ್ಟು ಮೂಲೆ ಸೇರುತ್ತಾರೆ.

ಆದುದರಿಂದ ಸದ್ಭಕ್ತರು ವಾರಕ್ಕೊಮ್ಮೆ ಮೊಮ್ಮಕ್ಕಳೊಡನೆ ಮೌನವಾಗಿ ನಡೆದು, ಕೇಳಿದ್ದನ್ನು ಬಳಿಕ ಪರಸ್ಪರ ಹೇಳಿಕೊಳ್ಳಬೇಕು. ಮಗುವಿಗೆ ಕೇಳಿದ್ದು ತಮಗೆ ಪದೇಪದೇ ಕೇಳದಿದ್ದರೆ ಶ್ರವಣಪರೀಕ್ಷೆ ಮಾಡಿಸಿಕೊಳ್ಳಬೇಕು. ಕಿವಿ ಹಠಾತ್ತನೆ ಮಂದವಾದರೆ ಅಂದೇ ಕಿವಿಯ ತಜ್ಞರನ್ನು ಕಾಣಬೇಕು. ಸೋರುವ ಕಿವಿಗೆ ಎಣ್ಣೆ ಬಿಡುವುದು ಸರ್ವಥಾ ಸಲ್ಲದು.