ನೆಟ್ ನಿಂತರೆ ಮೊದಲು ದೀಪ ನೋಡಿ!



ಈಗ ನಮ್ಮೂರಿನ ಎಷ್ಟೋ ಮನೆಗಳಲ್ಲಿ ವೈಫೈ ಪೆಟ್ಟಿಗೆ ಇದೆ. ನೆಟ್ ನಿಂತರೆ ಎಲ್ಲರೂ ಹೇಳುವುದು ಒಂದೇ ಮಾತು, "ಆಫ್ ಮಾಡಿ ಆನ್ ಮಾಡು." ಕೆಲವು ಸಲ ಸರಿಹೋಗುತ್ತೆ, ಕೆಲವು ಸಲ ಇಲ್ಲ. ಯಾಕೆ ಹೀಗೆ? ತಿಳಿದುಕೊಳ್ಳೋಣ ಬನ್ನಿ.

ವೈರಿನಲ್ಲಿ ಏನಿದೆ?

ಕಂಬದಿಂದ ಮನೆಗೆ ಬರುವ ಫೈಬರ್ ವೈರಿನೊಳಗೆ ಗಾಜಿನ ಎಳೆ ಇದೆ. ಅದು ಸುಮಾರು ನಮ್ಮ ತಲೆಕೂದಲಿನಷ್ಟೇ ದಪ್ಪ. ಅದರಲ್ಲಿ ಹರಿಯುವುದು ಕರೆಂಟ್ ಅಲ್ಲ, ಬೆಳಕು! ಇಂಥ ಎಳೆಯಲ್ಲಿ ಬಹಳ ದೂರಕ್ಕೆ ಸುದ್ದಿ ಕಳಿಸಬಹುದು ಎಂದು 1966ರಲ್ಲಿ ತೋರಿಸಿದವರು ವಿಜ್ಞಾನಿ ಚಾರ್ಲ್ಸ್ ಕಾವ್. ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೂ ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬಾರದು, ಅಪಾಯ.

ಸ್ಲೇಟು ಮತ್ತು ಶಾಸನ

ಪೆಟ್ಟಿಗೆಗೆ ಎರಡು ಬಗೆಯ ನೆನಪು ಇದೆ. ಒಂದು ಸ್ಲೇಟಿನ ಹಾಗೆ. ಯಾವ ಫೋನಿಗೆ ಯಾವ ನಂಬರ್ ಕೊಟ್ಟೆ, ಯಾರು ಏನು ಕೇಳಿದರು ಎಂದು ಅದರಲ್ಲಿ ಬರೆದುಕೊಳ್ಳುತ್ತೆ. ನಂಬರ್ 192.168.1.5 ಈ ರೀತಿ ಇರುತ್ತೆ, ನಮ್ಮ ಹಾಜರಿ ನಂಬರ್ ಇದ್ದ ಹಾಗೆ. ತುಂಬಾ ದಿನ ಆಫ್ ಮಾಡದೇ ಇದ್ದರೆ ಕೆಲವೊಮ್ಮೆ ಈ ಸ್ಲೇಟು ತುಂಬಿ ಕಲಸುಮೇಲೋಗರ ಆಗುತ್ತೆ. ಕರೆಂಟ್ ತೆಗೆದರೆ ಸ್ಲೇಟು ಅಳಿಸಿಹೋಗುತ್ತೆ. ಪೆಟ್ಟಿಗೆ ಮತ್ತೆ ಮೊದಲಿನಿಂದ ಹಾಜರಿ ಕೂಗುತ್ತೆ. ಅದಕ್ಕೇ ಸರಿಹೋಗೋದು. ನಮ್ಮೂರಲ್ಲಿ ಕರೆಂಟೇ ದಿನಾ ಈ ಕೆಲಸ ಮಾಡುತ್ತೆ ಅಂತ ನಮ್ಮಜ್ಜಿ ನಗುತ್ತಾರೆ. ಆದರೆ ಯುಪಿಎಸ್ ಇರುವ ಮನೆಯಲ್ಲಿ ನಾವೇ ಮಾಡಬೇಕು.

ಇನ್ನೊಂದು ನೆನಪು ಕಲ್ಲಿನ ಶಾಸನದ ಹಾಗೆ. ವೈಫೈ ಹೆಸರು, ಪಾಸ್‌ವರ್ಡ್, ಕಂಪನಿಯವರು ಹಾಕಿದ ಐಡಿ ಅದರಲ್ಲಿ ಇರುತ್ತವೆ. ಕರೆಂಟ್ ಹೋದರೂ ಅವು ಅಳಿಯಲ್ಲ.

ಹೀಗೆ ಮಾಡಿ

1. ತಿಂಗಳ ದುಡ್ಡು ಕಟ್ಟಿದೆಯಾ ಕೇಳಿ.
2. ದೀಪ ನೋಡಿ. 'ಎಲ್ ಓ ಎಸ್' ದೀಪ ಕೆಂಪಗಿದ್ದರೆ ಬೆಳಕು ಪೆಟ್ಟಿಗೆಗೆ ಬರುತ್ತಿಲ್ಲ ಎಂದರ್ಥ. ಜೆಸಿಬಿ ಅಗೆದು ವೈರ್ ತುಂಡಾಗಿರಬಹುದು, ಇಲಿ ಕಡಿದಿರಬಹುದು, ವೈರ್ ಜಾಸ್ತಿ ಮಡಚಿರಬಹುದು. ಲೈನ್ ಕಡಿದಿದ್ದರೆ ನೂರು ಸಲ ಆಫ್ ಮಾಡಿದರೂ ಬರಲ್ಲ. ಕಂಪನಿಗೆ ಫೋನ್ ಮಾಡಿ.
3. ಕೆಂಪು ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿ, 1ರಿಂದ 30ರವರೆಗೆ ನಿಧಾನವಾಗಿ ಎಣಿಸಿ. ಒಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತೆ, ಅದಕ್ಕೆ.
4. ಆನ್ ಮಾಡಿ 5 ನಿಮಿಷ ಕಾಯಿರಿ. 'ಪಿ ಓ ಎನ್' ದೀಪ ಮಿನುಗುತ್ತಿದ್ದರೆ ಪೆಟ್ಟಿಗೆ ಇನ್ನೂ ಕಂಪನಿಯ ಯಂತ್ರದ ಜೊತೆ ಮಾತಾಡುತ್ತಿದೆ. ಮಿನುಗದೆ ಉರಿದರೆ ಲೈನ್ ಸಿಕ್ಕಿತು.
5. ಎರಡು ಪೆಟ್ಟಿಗೆ ಇದ್ದರೆ ಫೈಬರ್ ಬರುವ ಪೆಟ್ಟಿಗೆ ಮೊದಲು, ವೈಫೈ ಪೆಟ್ಟಿಗೆ ಆಮೇಲೆ.

ತೂತಿಗೆ ಪಿನ್ನು ಬೇಡ!

ಪೆಟ್ಟಿಗೆಯಲ್ಲಿ 'ರೀಸೆಟ್' ಎಂಬ ಪುಟ್ಟ ತೂತು ಇರುತ್ತೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಆ ತೂತಿಗೆ ಪಿನ್ನು ಚುಚ್ಚಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಶಾಸನವೇ ಅಳಿಸಿಹೋಗುತ್ತೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಆ ಮನೆಯ ಅಕ್ಕನ ಕಾಲೇಜು ಅರ್ಜಿಗೆ ಮಾರನೇ ದಿನವೇ ಕೊನೆ. ರಿಪೇರಿಯವರು ಬರೋದು ಮೂರು ದಿನ ಆಗುತ್ತೆ ಅಂದರು. ಅಕ್ಕ ಬೆಳಗಿನ ಬಸ್ಸಿಗೆ ತಾಲ್ಲೂಕಿಗೆ ಹೋಗಿ, ಸೈಬರ್ ಅಂಗಡಿಯಲ್ಲಿ ಸಂಜೆವರೆಗೂ ಸಾಲಿನಲ್ಲಿ ನಿಂತು ಅರ್ಜಿ ಹಾಕಿದರು. ಜೊತೆಗೆ ಹೋದ ಅವರ ಅಪ್ಪನಿಗೆ ಒಂದು ದಿನದ ಕೂಲಿ ಹೋಯಿತು. ಅವತ್ತು ಕೆಂಪು ದೀಪ ಇರಲೇ ಇಲ್ಲವಂತೆ. ಸ್ವಿಚ್ ಆಫ್ ಮಾಡಿದ್ದರೇ ಸಾಕಿತ್ತೇನೋ.

ಆದ್ದರಿಂದ ಗೆಳೆಯರೇ, ಮೊದಲು ದೀಪ, ಆಮೇಲೆ ಸ್ವಿಚ್. ಕಂಪನಿಯ ಫೋನ್ ನಂಬರನ್ನು ಪೆಟ್ಟಿಗೆ ಪಕ್ಕದ ಗೋಡೆಗೆ ಬರೆದು ಅಂಟಿಸಿ. ಚಿಕ್ಕ ತಮ್ಮ ತಂಗಿಯರಿಗೆ ಆ ತೂತನ್ನು ತೋರಿಸಿ, ಮುಟ್ಟಬೇಡಿ ಅಂತ ಇವತ್ತೇ ಹೇಳಿ.

– ಏಳನೇ ತರಗತಿ ವಿದ್ಯಾರ್ಥಿನಿ