ಸವೆದಷ್ಟೂ ಚುರುಕು

ಸಂತೆಯಲ್ಲಿ ಮಡಕೆ ಕೊಳ್ಳುವವರು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾರೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರೆ ಸಾಕು. ಟಣ್ ಎಂದರೆ ಮಡಕೆ ಗಟ್ಟಿ, ಒಡಕು ದನಿ ಬಂದರೆ ಎಲ್ಲೋ ಕೂದಲೆಳೆಯಷ್ಟು ಸೀಳಿದೆ ಎಂದರ್ಥ. ಅಮೆರಿಕದ ಸಾಫ್ಟ್‌ಬಾಲ್ ಮೈದಾನಗಳಲ್ಲಿ ಪಂದ್ಯಕ್ಕೆ ಮೊದಲು ಅಂಪೈರುಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಸಾಲಾಗಿ ಇಟ್ಟ ಬ್ಯಾಟುಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಏನಾದರೂ ಗಲಗಲ ಅನ್ನುತ್ತದೆಯೇ ಎಂದು ಕೇಳುತ್ತಾರೆ. ತುದಿಯ ಮುಚ್ಚಳ ಸಡಿಲವಾಗಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಆಮೇಲೆ ಚೆಂಡು ಬಡಿಯುವ ದಪ್ಪ ಭಾಗದ ಮೇಲೆ, ಅಂದರೆ ಬ್ಯಾರೆಲ್ ಮೇಲೆ, ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆಯುತ್ತಾರೆ. ಬಣ್ಣದ ಮೇಲ್ಪದರದಲ್ಲಿ ಮಾತ್ರ ಜೇಡರ ಬಲೆಯಂಥ ಗೆರೆಗಳಿದ್ದರೆ ಉಗುರು ಜಾರಿ ಹೋಗುತ್ತದೆ. ಬಿರುಕು ಒಳಗಿಳಿದಿದ್ದರೆ ಉಗುರು ಅಲ್ಲಿ ತಡವರಿಸುತ್ತದೆ, ಆ ಬ್ಯಾಟು ಆಟದಿಂದ ಹೊರಗೆ.

ಬಿರುಕು, ತಗ್ಗು, ಗಲಗಲ ಸದ್ದು, ಚೂಪಾದ ಅಂಚು ಯಾವುದೂ ಇರಬಾರದು ಎಂಬ ನಿಯಮ ಹಳೆಯದು. ಅದರ ಹಿಂದಿದ್ದ ಕಾಳಜಿಯೂ ಸರಳ: ಮರದ ಬ್ಯಾಟು ಸೀಳಿದರೆ ಚೂರು ಹಾರಿ ಯಾರಿಗಾದರೂ ಚುಚ್ಚೀತು, ಲೋಹದ ಬ್ಯಾಟಿನ ತುದಿ ಕಳಚಿದರೆ ಯಾರ ತಲೆಗಾದರೂ ಬಡಿದೀತು. ಒಡೆದ ಬ್ಯಾಟಿನಿಂದ ಹೊಡೆಯುವವರಿಗೆ ಲಾಭವಾಗಬಹುದು ಎಂಬ ಯೋಚನೆಯೇ ಆ ನಿಯಮ ಬರೆದವರಿಗೆ ಬಂದಿರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಸೀಳಿದ ಮರದಿಂದ ಹೊಡೆದ ಚೆಂಡು ಸತ್ತ ಹಕ್ಕಿಯಂತೆ ಬೀಳುತ್ತದೆ.

ಈ ಆಟ ಹುಟ್ಟಿದ್ದೇ ಪೊರಕೆಯ ಹಿಡಿಯಿಂದ. 1887ರ ನವೆಂಬರಿನಲ್ಲಿ, ಷಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವಣ ಫುಟ್‌ಬಾಲ್ ಪಂದ್ಯದ ಸುದ್ದಿಗಾಗಿ ಕಾದು ಕೂತಿದ್ದ ಹುಡುಗರಲ್ಲಿ ಒಬ್ಬ ಬಾಕ್ಸಿಂಗ್ ಕೈಗವಸನ್ನು ಎಸೆದ, ಇನ್ನೊಬ್ಬ ಕೋಲಿನಿಂದ ಅದನ್ನು ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗವಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿದ. ಮುಂದೆ ಎಂಟು ದಶಕ ಬ್ಯಾಟು ಮರದ್ದೇ ಆಗಿತ್ತು. 1970ರ ಸುಮಾರಿಗೆ ಅಲ್ಯೂಮಿನಿಯಂ ಬಂತು. ಒಳಗೆ ಟೊಳ್ಳು, ಹೊರಗೆ ತೆಳು ಗೋಡೆ. ಮುರಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಚೆಂಡು ಇನ್ನೂ ದೂರ ಹೋಗುತ್ತದೆ ಎಂಬುದು ಬಳಸುತ್ತ ಗೊತ್ತಾಯಿತು.

ಏಕೆ ದೂರ ಹೋಗುತ್ತದೆ? ಇಡೀ ಕತೆಯ ಬೇರು ಈ ಪ್ರಶ್ನೆಯಲ್ಲಿದೆ. ಬ್ಯಾಟಿಗೂ ಚೆಂಡಿಗೂ ನಡುವಿನ ಭೇಟಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಮರದ ಬ್ಯಾಟಿಗೆ ಅಪ್ಪಳಿಸಿದ ಚೆಂಡು ಅಮುಕಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹೀಗೆ ಅಮುಕಿಸಿಕೊಳ್ಳುವಾಗ ಚೆಂಡು ತನ್ನ ಶಕ್ತಿಯ ಬಹುಪಾಲನ್ನು ಒಳಗೇ ಬಿಸಿಯಾಗಿ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ಆಗಿ ಕೆಲಸ ಮಾಡುವುದರಲ್ಲಿ ಚೆಂಡು ಬಹಳ ದಡ್ಡ. ಟೊಳ್ಳು ಬ್ಯಾಟಿನಲ್ಲಿ ಗೋಡೆಯೂ ಒಂದಿಷ್ಟು ಒಳಕ್ಕೆ ಬಗ್ಗುತ್ತದೆ, ಮತ್ತೆ ಹೊರಕ್ಕೆ ಚಿಮ್ಮುತ್ತದೆ. ಗೋಡೆ ಬಗ್ಗಿದಷ್ಟೂ ಚೆಂಡು ಕಡಿಮೆ ಚಪ್ಪಟೆಯಾಗುತ್ತದೆ. ಗೋಡೆ ಪಡೆದುಕೊಂಡ ಶಕ್ತಿಯನ್ನು ಚೆಂಡಿನ ಹಾಗೆ ಪೋಲು ಮಾಡುವುದಿಲ್ಲ, ಹೆಚ್ಚುಕಡಿಮೆ ಅಷ್ಟನ್ನೂ ಹಿಂತಿರುಗಿಸುತ್ತದೆ. ಇದಕ್ಕೆ ಆಟಗಾರರೂ ವಿಜ್ಞಾನಿಗಳೂ ಇಟ್ಟ ಹೆಸರು ಟ್ರ್ಯಾಂಪೊಲೀನ್ ಪರಿಣಾಮ.

ಹಾಗಾದರೆ ಗೋಡೆಯನ್ನು ಇನ್ನೂ ತೆಳ್ಳಗೆ ಮಾಡಿದರಾಯಿತಲ್ಲ? ಮಾಡಿದರು. ಆದರೆ ತೀರಾ ತೆಳುವಾದ ಅಲ್ಯೂಮಿನಿಯಂ ಹೊಡೆತಕ್ಕೆ ತಗ್ಗು ಬೀಳುತ್ತದೆ. ತಗ್ಗು ಬಿದ್ದ ಬ್ಯಾಟು ನಿಯಮದ ಪ್ರಕಾರ ಹೊರಗೆ. ಹೀಗೆ ಲೋಹಕ್ಕೆ ತನ್ನದೇ ಒಂದು ಲಕ್ಷ್ಮಣರೇಖೆ ಇತ್ತು. ಆ ರೇಖೆಯನ್ನು ದಾಟಿದ್ದು ಕಾಂಪೋಸಿಟ್. ಇಂಗಾಲದ ನೂಲು, ಗಾಜಿನ ನೂಲುಗಳನ್ನು ಪದರ ಪದರವಾಗಿ ಸುತ್ತಿ, ನಡುವೆ ರಾಳದಂಥ ಅಂಟು ತುಂಬಿ, ಕಾಯಿಸಿ ಗಟ್ಟಿ ಮಾಡಿದ ಕೊಳವೆ ಇದು. ಲೋಹದಂತೆ ತಗ್ಗು ಬೀಳದೆ ಬಗ್ಗಬಲ್ಲದು, ಎಷ್ಟು ಬಗ್ಗಬೇಕು ಎಂಬುದನ್ನು ನೂಲಿನ ಕೋನ ಬದಲಿಸಿ ತಯಾರಕರೇ ತೀರ್ಮಾನಿಸಬಹುದು. 2000ದ ನಂತರದ ವರ್ಷಗಳಲ್ಲಿ ಸಾಫ್ಟ್‌ಬಾಲ್ ಮೈದಾನಗಳನ್ನು ಇವು ತುಂಬಿಕೊಂಡವು.

ಚೆಂಡು ಅತಿ ವೇಗವಾಗಿ ಮರಳಿದರೆ ಅಪಾಯ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಿಧಾನಗತಿಯ ಸಾಫ್ಟ್‌ಬಾಲಿನಲ್ಲಿ ಚೆಂಡು ಎಸೆಯುವ ಪಿಚರ್ ನಿಲ್ಲುವುದು ಬರೀ 50 ಅಡಿ ದೂರದಲ್ಲಿ. ಮಹಿಳೆಯರ ಫಾಸ್ಟ್‌ಪಿಚ್ ಆಟದಲ್ಲಿ 43 ಅಡಿ. ಅಮೆರಿಕದ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ 2004ರಿಂದ ಒಂದು ಗಟ್ಟಿ ಮಿತಿ ಹಾಕಿತು: ಪ್ರಯೋಗಾಲಯದ ಲೆಕ್ಕದಲ್ಲಿ ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಗಂಟೆಗೆ 98 ಮೈಲಿ, ಅಂದರೆ ಸುಮಾರು 158 ಕಿಲೋಮೀಟರ್ ಮೀರಬಾರದು. ಆ ವೇಗದ ಚೆಂಡು 50 ಅಡಿ ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಚೆಂಡು ಎಸೆದ ಕೈ ಕೆಳಗಿಳಿದು ಮುಖದ ಮುಂದೆ ಗವಸು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮಿತಿಯೊಳಗಿನ ಚೆಂಡೇ ಹೀಗೆ.

ಪರೀಕ್ಷೆ ನಡೆಯುವ ಬಗೆ ನೋಡಲು ಸೊಗಸು. ಬ್ಯಾಟನ್ನು ಹಿಡಿಯ ಬಳಿ ಒಂದು ತಿರುಗುಣಿಗೆ ಸಿಕ್ಕಿಸಿ ಸುಮ್ಮನೆ ನಿಲ್ಲಿಸುತ್ತಾರೆ. ಗಾಳಿಯೊತ್ತಡದ ಫಿರಂಗಿಯಿಂದ ಚೆಂಡನ್ನು ಗಂಟೆಗೆ 110 ಮೈಲಿ ವೇಗದಲ್ಲಿ ಅದರ ಮೇಲೆ ಹಾರಿಸುತ್ತಾರೆ. ಹೋಗುವ ಚೆಂಡೂ ಮರಳುವ ಚೆಂಡೂ ಬೆಳಕಿನ ಪರದೆಗಳನ್ನು ಕತ್ತರಿಸುತ್ತ ಸಾಗುತ್ತವೆ. ಎರಡು ವೇಗಗಳ ಅನುಪಾತದಿಂದ ಬ್ಯಾಟಿನ ಚುರುಕು ಎಷ್ಟೆಂದು ಲೆಕ್ಕ ಸಿಗುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲಾಯ್ಡ್ ಸ್ಮಿತ್ ಅವರ ಕ್ರೀಡಾವಿಜ್ಞಾನ ಪ್ರಯೋಗಾಲಯ ಈ ಕೆಲಸಕ್ಕೆ ಹೆಸರಾದದ್ದು. ಪಾಸಾದ ಮಾದರಿಗೆ ಮುದ್ರೆ ಬೀಳುತ್ತಿತ್ತು. ಮುದ್ರೆ ಇದ್ದ ಬ್ಯಾಟು ಸಕ್ರಮ, ಇಲ್ಲದ್ದು ಅಕ್ರಮ. ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಪರೀಕ್ಷೆಗೆ ಹೋಗುತ್ತಿದ್ದದ್ದು ಮಾತ್ರ ಪೆಟ್ಟಿಗೆಯಿಂದ ಆಗ ತಾನೇ ತೆಗೆದ ಹೊಸ ಬ್ಯಾಟು.

ಆಟಗಾರರಿಗೆ ಬೇರೆಯೇ ಸಂಗತಿ ಗೊತ್ತಿತ್ತು. ಹೊಸ ಕಾಂಪೋಸಿಟ್ ಬ್ಯಾಟು ಮೊದಮೊದಲು ಬಿಗುವಾಗಿರುತ್ತದೆ, ಕೈಗೆ ಜುಮ್ಮೆನ್ನುತ್ತದೆ, ಚೆಂಡು ಹೋಗುವುದಿಲ್ಲ. ನೂರಾರು ಹೊಡೆತ ಬಿದ್ದ ಮೇಲೆ ಅದು ಬಿಚ್ಚಿಕೊಳ್ಳುತ್ತದೆ. ಸದ್ದು ಬದಲಾಗುತ್ತದೆ, ಅದೇ ತೋಳಿನ ಅದೇ ಬೀಸಿಗೆ ಚೆಂಡು ಬೇಲಿ ದಾಟುತ್ತದೆ. ಅವರ ಮಾತಿನಲ್ಲಿ ಬ್ಯಾಟು ‘ಬಿಸಿ’ಯಾಗಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಒಡೆಯುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಅದು ಎಂದೂ ಹೊಡೆಯದಷ್ಟು ಚೆನ್ನಾಗಿ ಹೊಡೆಯುತ್ತದೆ ಎಂದು ಹೇಳುತ್ತಿದ್ದರು. ನಮ್ಮ ಕ್ರಿಕೆಟ್ ಹುಡುಗರೂ ಹೊಸ ವಿಲೋ ಬ್ಯಾಟಿಗೆ ಎಣ್ಣೆ ಹಚ್ಚಿ ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದು ಹದ ಮಾಡುತ್ತಾರೆ. ಆದರೆ ಅಲ್ಲಿ ಮರದ ನಾರು ಒತ್ತಿಕೊಂಡು ಮೈ ಗಟ್ಟಿಯಾಗುತ್ತದೆ. ಇಲ್ಲಿ ಆಗುವುದು ತಿರುಗುಮುರುಗು.

ಹದವಾಗುವುದು ಎಂಬ ಹಿತವಾದ ಮಾತಿನ ಹಿಂದೆ ನಡೆಯುತ್ತಿದ್ದದ್ದು ಒಡೆಯುವಿಕೆಯೇ. ಪ್ರತಿ ಹೊಡೆತಕ್ಕೂ ಪದರಗಳ ನಡುವಿನ ಅಂಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳು ಹುಟ್ಟುತ್ತವೆ. ಪದರಗಳು ಒಂದನ್ನೊಂದು ಬಿಟ್ಟುಕೊಡಲು ಶುರುಮಾಡುತ್ತವೆ. ದಪ್ಪ ರಟ್ಟಿಗಿಂತ ಬಿಡಿ ಹಾಳೆಗಳ ಕಟ್ಟು ಸುಲಭವಾಗಿ ಬಗ್ಗುವಂತೆ, ಬಿಟ್ಟುಕೊಂಡ ಪದರಗಳ ಗೋಡೆ ಮೆತ್ತಗಾಗುತ್ತದೆ. ಮೆತ್ತಗಾದ ಗೋಡೆ ಹೆಚ್ಚು ಬಗ್ಗುತ್ತದೆ, ಚೆಂಡು ಹೆಚ್ಚು ವೇಗವಾಗಿ ಚಿಮ್ಮುತ್ತದೆ. ನೂಲೇ ಹರಿದು ಬಿರುಕು ಹೊರಗೆ ಬರುವವರೆಗೆ ಈ ಏರಿಕೆ ನಡೆದೇ ಇರುತ್ತದೆ. ಅಂದರೆ ಅಂಪೈರಿನ ಉಗುರಿಗೆ ಬಿರುಕು ಸಿಗುವ ಹೊತ್ತಿಗೆ ಆ ಬ್ಯಾಟು ತನ್ನ ಅತಿ ಅಪಾಯದ ದಿನಗಳನ್ನು ಆಡಿ ಮುಗಿಸಿರುತ್ತದೆ. ಈ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು.

ಮಡಕೆ ತಟ್ಟುವ ವಿದ್ಯೆ ಇಲ್ಲಿಯೂ ಕೈಗೆ ಬಂತು. ಮಿಷಿಗನ್ನಿನ ಫ್ಲಿಂಟ್ ಊರಿನ ಕೆಟರಿಂಗ್ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಡೇನಿಯಲ್ ರಸೆಲ್ ಬ್ಯಾಟುಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ಅವುಗಳ ಕಂಪನವನ್ನು ಅಳೆಯುತ್ತಿದ್ದರು. ಬ್ಯಾರೆಲ್ಲಿನ ಗೋಡೆ ಒಳಗೂ ಹೊರಗೂ ಬಳುಕುವಾಗ ಅದಕ್ಕೊಂದು ಸ್ವಂತ ನಾದವಿರುತ್ತದೆ. ಗೋಡೆ ಮೆತ್ತಗಾದಂತೆ ಆ ನಾದ ಕೆಳಗಿಳಿಯುತ್ತದೆ. ಇಳಿದಷ್ಟೂ ಗೋಡೆಯ ಬಳುಕು ಚೆಂಡಿನ ಭೇಟಿಯ ಹೊತ್ತಿಗೆ ಹೊಂದಿಕೊಳ್ಳುತ್ತ ಬರುತ್ತದೆ, ಚೆಂಡು ಹೊರಡುವ ಗಳಿಗೆಗೆ ಸರಿಯಾಗಿ ಗೋಡೆಯ ಒದೆತ ಸಿಗುತ್ತದೆ. ಕಿವಿಗೆ ಬಿದ್ದ ಸದ್ದಿನ ಬದಲಾವಣೆಯಿಂದ ಬ್ಯಾಟು ಬಿಸಿಯಾಯಿತೆಂದು ಹೇಳುತ್ತಿದ್ದ ಆಟಗಾರರ ಮಾತಿಗೆ ಹೀಗೆ ಭೌತಶಾಸ್ತ್ರದ ಆಧಾರ ದೊರೆಯಿತು.

ವಿಷಯ ಎಷ್ಟು ಗಂಭೀರ ಎಂಬುದು ಬಯಲಾದದ್ದು 2009ರಲ್ಲಿ, ಸಾಫ್ಟ್‌ಬಾಲಿನ ಸೋದರ ಆಟವಾದ ಕಾಲೇಜು ಬೇಸ್‌ಬಾಲಿನಲ್ಲಿ. ಬ್ಯಾಟು ಬೇರೆಯಾದರೂ ನೂಲು ಅದೇ, ಅಂಟು ಅದೇ. ಆ ವರ್ಷದ ರಾಷ್ಟ್ರೀಯ ಟೂರ್ನಿಯ ಮೊದಲ ಎರಡು ಸುತ್ತುಗಳಲ್ಲಿ ಬಳಸಿದ ಕಾಂಪೋಸಿಟ್ ಬ್ಯಾಟುಗಳಲ್ಲಿ 25 ಆರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. 20 ಬ್ಯಾಟುಗಳು ಮಿತಿ ಮೀರಿದ್ದವು. ಎಲ್ಲವೂ ಹೊಸದಾಗಿದ್ದಾಗ ಪಾಸಾದ ಮಾದರಿಗಳೇ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಕಾಂಪೋಸಿಟ್ ಬ್ಯಾರೆಲ್ಲಿನ ಬೇಸ್‌ಬಾಲ್ ಬ್ಯಾಟುಗಳಿಗೆ ಕೂಡಲೇ ತಡೆ ಹಾಕಿತು. ಮುಂದೆ ಶಾಲೆಗಳ ಕ್ರೀಡಾಸಂಘ, ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಕೂಡ ಅದೇ ದಾರಿ ಹಿಡಿದವು.

ಇಷ್ಟರಲ್ಲಿ ಮೋಸದ ಕೈಗಳೂ ಸುಮ್ಮನಿರಲಿಲ್ಲ. ನೂರಾರು ಹೊಡೆತಕ್ಕೆ ಕಾಯುವುದೇಕೆ ಎಂದು ಎರಡು ಉರುಳೆಗಳ ನಡುವೆ ಬ್ಯಾಟನ್ನು ಬಿಗಿದು, ಕಬ್ಬಿನ ಜಲ್ಲೆಯನ್ನು ಗಾಣಕ್ಕೆ ಕೊಟ್ಟಂತೆ ಹಿಂದೆ ಮುಂದೆ ಓಡಿಸಿದರು. ಕೆಲವೇ ನಿಮಿಷದಲ್ಲಿ ಅಂಟು ಬಿಟ್ಟುಕೊಂಡು ಬ್ಯಾಟು ಹದಕ್ಕೆ ಬರುತ್ತಿತ್ತು. ಇನ್ನು ಕೆಲವರು ತುದಿಯ ಮುಚ್ಚಳ ಕಿತ್ತು, ಒಳಗೋಡೆಯನ್ನು ಲೇತಿನಲ್ಲಿ ಹೆರೆದು ತೆಳ್ಳಗೆ ಮಾಡಿ, ಮುಚ್ಚಳ ಮತ್ತೆ ಅಂಟಿಸಿದರು. ಹೆರೆದದ್ದನ್ನು ಹೇಗಾದರೂ ಪತ್ತೆ ಮಾಡಬಹುದು, ಮುಚ್ಚಳದ ಅಂಟಿನಲ್ಲಿ ಗುರುತು ಉಳಿದಿರುತ್ತದೆ. ಉರುಳೆಗೆ ಕೊಟ್ಟದ್ದರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಪ್ರಾಮಾಣಿಕವಾಗಿ ಆಡಿ ಸವೆದ ಬ್ಯಾಟಿಗೂ ಗಾಣಕ್ಕೆ ಕೊಟ್ಟ ಬ್ಯಾಟಿಗೂ ಹೊರನೋಟಕ್ಕೆ ವ್ಯತ್ಯಾಸವೇ ಇಲ್ಲ.

ಮೋಸಗಾರರ ಅದೇ ಉರುಳೆಯನ್ನು ಪ್ರಯೋಗಾಲಯವೂ ಎತ್ತಿಕೊಂಡಿತು. ಈ ತಿರುವು ನನಗೆ ತುಂಬ ಇಷ್ಟ. ಬ್ಯಾಟನ್ನು ಪರೀಕ್ಷಿಸು, ಉರುಳೆಗೆ ಕೊಡು, ಮತ್ತೆ ಪರೀಕ್ಷಿಸು, ಮತ್ತೆ ಉರುಳೆಗೆ ಕೊಡು. ಒಂದೋ ಅದು ಮಿತಿ ದಾಟಬೇಕು, ಇಲ್ಲವೇ ಒಡೆಯಬೇಕು. ಮಿತಿಯೊಳಗೇ ಇದ್ದು ಒಡೆದರೆ ಆ ಮಾದರಿ ಪಾಸು. ಮಾದರಿಗೆ ಮುದ್ರೆ ಬೇಕಾದರೆ ಅದು ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಸಭ್ಯವಾಗಿರಬೇಕು. ತಯಾರಕರಲ್ಲಿ ಕೆಲವರು ಗೋಡೆಯೊಳಗೆ ಬೇಕೆಂದೇ ಒಂದು ದುರ್ಬಲ ಜಾಗ ಬಿಟ್ಟು, ಬ್ಯಾಟು ಮಿತಿ ಮೀರುವ ಮೊದಲೇ ಕಣ್ಣಿಗೆ ಕಾಣುವಂತೆ ಒಡೆದುಹೋಗುವ ಹಾಗೆ ರಚಿಸತೊಡಗಿದರು.

ಆದರೆ ಮಾದರಿ ಒಂದು, ಮೈದಾನದಲ್ಲಿ ಕೈಗೆ ಬಂದ ಬ್ಯಾಟು ಇನ್ನೊಂದು. ಹಾಗಾಗಿ ಪರೀಕ್ಷೆಯನ್ನು ಮೈದಾನಕ್ಕೇ ತರಬೇಕಾಯಿತು. ಫಿರಂಗಿಯನ್ನು ತರುವಂತಿಲ್ಲ. ತಂದದ್ದು ತೋಳಿನುದ್ದದ ಒಂದು ಒತ್ತುಯಂತ್ರ. ಬ್ಯಾರೆಲ್ಲನ್ನು ಅದರ ಎರಡು ದವಡೆಗಳ ನಡುವೆ ಕೂರಿಸಿ ಹಿಡಿಕೆ ಎಳೆದರೆ ಗೋಡೆ ಕೂದಲೆಳೆಯಷ್ಟು, ಗೊತ್ತುಪಡಿಸಿದಷ್ಟೇ, ಒಳಕ್ಕೆ ಹೋಗುತ್ತದೆ. ಅಷ್ಟು ಬಗ್ಗಿಸಲು ಎಷ್ಟು ಬಲ ಬೇಕಾಯಿತು ಎಂಬುದನ್ನು ಪರದೆ ತೋರಿಸುತ್ತದೆ. ಒಮ್ಮೆ ಒತ್ತಿ, ಬ್ಯಾಟನ್ನು ತುಸು ಹೊರಳಿಸಿ ಮತ್ತೆ ಒತ್ತುತ್ತಾರೆ, ಏಕೆಂದರೆ ಗೋಡೆ ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲ. ಯುಎಸ್‌ಎಸ್‌ಎಸ್‌ಎ ಸಂಸ್ಥೆಯ ನಿಧಾನಗತಿಯ ಪಂದ್ಯಗಳಲ್ಲಿ ವರ್ಷಗಟ್ಟಲೆ ಆಟಗಾರರ ಬಾಯಲ್ಲಿ ನಲಿದ ಅಂಕಿ 220 ಪೌಂಡು, ಅಂದರೆ ಸುಮಾರು 100 ಕಿಲೋ ಭಾರದ ಒತ್ತಡ. ಅದಕ್ಕಿಂತ ಕಡಿಮೆ ಬಲಕ್ಕೇ ಬಗ್ಗಿದರೆ ಬ್ಯಾಟು ಫೇಲು. ಬಿಸಿಲಲ್ಲಿ ಕಾದ ಅಂಟು ಮೆತ್ತಗಾಗುವುದರಿಂದ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದ ಬ್ಯಾಟಿನ ಅಂಕಿ ಇನ್ನೂ ಇಳಿಯುತ್ತದೆ. ಅದನ್ನು ಬಲ್ಲವರು ಬ್ಯಾಟನ್ನು ನೆರಳಲ್ಲಿಟ್ಟುಕೊಂಡೇ ಬರುತ್ತಾರೆ.

ಇದರಿಂದ ನಿಯಮದ ಸ್ವರೂಪವೇ ಬದಲಾಯಿತು. ಗಾಣಕ್ಕೆ ಕೊಟ್ಟು, ಹೆರೆದು ತಂದದ್ದು ಸಾಬೀತಾದರೆ ಹೊಡೆದವರು ಔಟ್, ಆಟದಿಂದಲೂ ಉಚ್ಚಾಟನೆ. ಆದರೆ ಒತ್ತುಯಂತ್ರ ಯಾರ ತಪ್ಪನ್ನೂ ಹುಡುಕುವುದಿಲ್ಲ. ಹೇಗೆ ಮೆತ್ತಗಾಯಿತು ಎಂದು ಕೇಳದೆ, ಈಗ ಎಷ್ಟು ಮೆತ್ತಗಿದೆ ಎಂದಷ್ಟೇ ಕೇಳುತ್ತದೆ. 50 ಅಡಿ ದೂರದಲ್ಲಿ ನಿಂತವರಿಗೆ ಬೇಕಾದ ಉತ್ತರವೂ ಅದೇ.

ಕಷ್ಟವಾಗುವುದು ಏನೂ ಮೋಸ ಮಾಡದವರಿಗೆ. ಒಬ್ಬ ಆಟಗಾರ್ತಿ ಕೂಡಿಟ್ಟ ದುಡ್ಡಿನಲ್ಲಿ ಕೊಂಡ ಬ್ಯಾಟು, ಒಂದಿಡೀ ಋತು ಅದರೊಡನೆ ಆಡಿದ್ದಾಳೆ, ಮಳೆಯಲ್ಲಿ ಒರೆಸಿದ್ದಾಳೆ, ಚಳಿಗೆ ಗೋಡೆ ಸೀಳೀತೆಂದು ತಣ್ಣನೆಯ ಬೆಳಗುಗಳಲ್ಲಿ ಹೊರಗೆ ತೆಗೆದಿಲ್ಲ. ಈಗಷ್ಟೇ ಅದು ಕೈಗೆ ಒಗ್ಗಿದೆ. ಡೇರೆಯ ನೆರಳಲ್ಲಿ ಯಂತ್ರ ಒತ್ತುತ್ತದೆ, ಅಂಕಿ ಮಿತಿಗಿಂತ ಕೆಳಗೆ ನಿಲ್ಲುತ್ತದೆ. ಇನ್ನೊಂದು ಬದಿಗೆ ಹೊರಳಿಸಿ ಒತ್ತಿದರೂ ಅಷ್ಟೇ. ಮುಚ್ಚಳ ಬಿಗಿಯಾಗಿದೆ, ಉಗುರು ಎಲ್ಲೂ ತಡೆಯುವುದಿಲ್ಲ, ಅಲ್ಲಾಡಿಸಿದರೆ ಸದ್ದಿಲ್ಲ. ಅವಳು ಅದನ್ನು ಮರಳಿ ಚೀಲಕ್ಕೆ ಸೇರಿಸಿ, ತಂಡದ ಇನ್ನೊಬ್ಬಳ ಹೊಸ ಬಿಗುವಾದ ಬ್ಯಾಟನ್ನು ಕೇಳಿ ಪಡೆದು, ಎರಡು ಸಲ ಗಾಳಿಯಲ್ಲಿ ಬೀಸಿ ನೋಡುತ್ತಾಳೆ.