ನೆಲದೊಳಗಿನ ಸದ್ದು: ಲಘು ಭೂಕಂಪನವೂ ಗ್ರಾಮದ ಗೋಡೆಗಳೂ

2021ರ ಅಕ್ಟೋಬರ್ ತಿಂಗಳಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಗ್ರಾಮದಲ್ಲಿ ಭೂಮಿಯು ಪದೇ ಪದೇ ಕಂಪಿಸಿತು. ನೆಲದೊಳಗಿನಿಂದ ಗುಡುಗಿನಂತಹ ಸದ್ದು, ಅದರ ಬೆನ್ನಿಗೇ ಅಟ್ಟದ ಮೇಲಿನ ಪಾತ್ರೆಗಳ ಅಲುಗಾಟ. ಇವುಗಳಲ್ಲಿ ದೊಡ್ಡದಾದ ಕಂಪನದ ತೀವ್ರತೆ 4ರ ಆಸುಪಾಸಿನಲ್ಲಿತ್ತು. ಅನೇಕ ಕುಟುಂಬಗಳು ಮನೆಯ ಹೊರಗೆ ರಾತ್ರಿ ಕಳೆದವು. ಕೆಲವು ಊರನ್ನೇ ತೊರೆದವು. ಇಂತಹ ಸಮಯದಲ್ಲಿ ಜನರು ಮೊದಲು ಪ್ರಶ್ನಿಸುವುದು ವಾರ್ಡಿನ ಸದಸ್ಯರನ್ನೇ. ಆದುದರಿಂದ ಈ ಕಂಪನದ ಮೂಲವನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

ಭೂಮಿಯ ಗರ್ಭದಲ್ಲಿ ಸುಮಾರು 5,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖವಿದೆ. ಭೂಮಿ ರೂಪುಗೊಂಡ ಕಾಲದಿಂದ ಉಳಿದುಬಂದ ಶಾಖವು ಒಂದು ಭಾಗವಾದರೆ, ಶಿಲೆಗಳಲ್ಲಿರುವ ಯುರೇನಿಯಂ, ಥೋರಿಯಂ ಮೊದಲಾದ ವಿಕಿರಣಶೀಲ ಧಾತುಗಳಿಂದ ಇಂದಿಗೂ ಹೊಮ್ಮುತ್ತಿರುವ ಶಾಖವು ಇನ್ನೊಂದು ಭಾಗ. ಈ ಶಾಖದಿಂದ ಆಳದ ಘನಶಿಲೆಯೂ ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಅತಿ ಮಂದವಾಗಿ ಹರಿಯುತ್ತದೆ. ಬಿಸಿಯಾದುದು ಮೇಲಕ್ಕೇರುತ್ತದೆ, ತಣಿದುದು ಕೆಳಗಿಳಿಯುತ್ತದೆ. ಇದರೊಡನೆ ಭೂಮಿಯ ಹೊರಪದರದ ಬೃಹತ್ ಫಲಕಗಳೂ ಚಲಿಸುತ್ತವೆ. ಭಾರತವನ್ನು ಹೊತ್ತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಉತ್ತರ ದಿಕ್ಕಿಗೆ ಸಾಗಿ ಏಷ್ಯಾ ಭೂಭಾಗವನ್ನು ಒತ್ತುತ್ತಿದೆ. ಹಿಮಾಲಯವು ಎದ್ದುನಿಂತದ್ದು ಈ ಒತ್ತಡದಿಂದಲೇ.

ಕಲ್ಯಾಣ ಕರ್ನಾಟಕದ ನೆಲದಲ್ಲಿಯೂ ಈ ಒಳಶಾಖದ ಗುರುತುಗಳಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ದಖ್ಖನ್ನಿನ ಕಪ್ಪುಶಿಲೆಯಾಯಿತು. ಆ ಶಿಲೆ ಸವೆದು ಉಂಟಾದುದೇ ತೊಗರಿ, ಜೋಳ ಬೆಳೆಯುವ ಎರೆಭೂಮಿ. ಇಂದು ಇಲ್ಲಿ ಜ್ವಾಲಾಮುಖಿ ಇಲ್ಲ. ಕಂಪನವಾದೊಡನೆ ಲಾವಾ ಉಕ್ಕೀತೆಂಬ ಭಯಕ್ಕೆ ಆಧಾರವೂ ಇಲ್ಲ. ಆದರೆ ಉತ್ತರದಲ್ಲಿ ತಡೆಯುಂಟಾದ ಫಲಕದ ಮೇಲಿನ ಒತ್ತಡವು ಹಿಮಾಲಯದ ಬಳಿಗಷ್ಟೇ ಸೀಮಿತವಾಗದೆ, ಪರ್ಯಾಯ ದ್ವೀಪದ ಆಳದಲ್ಲಿರುವ ಪುರಾತನ ಬಿರುಕುಗಳ ಮೇಲೂ ಬೀಳುತ್ತದೆ. ಒತ್ತಡವು ತಡೆಯುವ ಶಕ್ತಿಯನ್ನು ಮೀರಿದಾಗ ಬಿರುಕಿನ ಎರಡು ಬದಿಗಳು ಥಟ್ಟನೆ ಸರಿಯುತ್ತವೆ. ಹೀಗೆ ಸರಿದುದೇ ಭೂಕಂಪನ. ಸರಿದ ಸ್ಥಳವು ಹೆಚ್ಚು ಆಳದಲ್ಲಿರದೆ ಶಿಲೆಯು ಗಟ್ಟಿಯಾಗಿದ್ದಲ್ಲಿ ಸಣ್ಣ ಕಂಪನದಲ್ಲಿಯೂ ಸದ್ದು ಜೋರಾಗಿ ಕೇಳಿಸುತ್ತದೆ.

ಭಾರೀ ಮಳೆಯ ತರುವಾಯ ಕಂಪನಗಳು ಹೆಚ್ಚುವುದಕ್ಕೂ ಕಾರಣವಿದೆ. ನೀರು ಬಿರುಕುಗಳಲ್ಲಿ ಇಳಿದಾಗ ಒಳಗಿನ ಒತ್ತಡ ಏರಿ, ಬಿರುಕಿನ ಬದಿಗಳ ನಡುವಿನ ಬಿಗಿ ಕಡಿಮೆಯಾಗುತ್ತದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ ಜಲಾಶಯ ತುಂಬಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, ದೊಡ್ಡ ಭೂಕಂಪವೇ ಸಂಭವಿಸಿತು. ನೀರು ಒತ್ತಡವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ಕೂಡಿಟ್ಟಿದ್ದನ್ನು ಬಿಡಿಸುತ್ತದೆ. ಕೊಳವೆಬಾವಿ ಕೊರೆದುದರಿಂದಲೇ ಭೂಮಿ ನಡುಗಿತೆಂಬ ಮಾತು ಗ್ರಾಮ ಸಭೆಗಳಲ್ಲಿ ಕೇಳಿಬರುವುದುಂಟು. ಸಾವಿರ ಅಡಿಯ ಕೊಳವೆಬಾವಿಯೆಂದರೆ ಸುಮಾರು 300 ಮೀಟರ್. ಬಿರುಕು ಸರಿಯುವುದು ಸಾಮಾನ್ಯವಾಗಿ ಕಿಲೋಮೀಟರುಗಳ ಆಳದಲ್ಲಿ.

ಇನ್ನೊಂದು ಮಾತು ಹೆಚ್ಚು ಅಪಾಯಕಾರಿ: ಸಣ್ಣ ಕಂಪನಗಳಾದರೆ ಒತ್ತಡ ಇಳಿದುಹೋಗಿ ದೊಡ್ಡದು ಬರುವುದಿಲ್ಲವೆಂಬ ಸಮಾಧಾನ. ತೀವ್ರತೆಯ ಮಾಪನದಲ್ಲಿ ಒಂದು ಅಂಕ ಏರಿದರೆ ಶಕ್ತಿಯು ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕ ಏರಿದರೆ ಸಾವಿರ ಪಟ್ಟು. ತೀವ್ರತೆ 6ರ ಒಂದು ಭೂಕಂಪಕ್ಕೆ ತೀವ್ರತೆ 4ರ ಸಾವಿರ ಕಂಪನಗಳು ಸಮ. ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲೂ 1992ರಲ್ಲಿ ಸಣ್ಣ ಕಂಪನಗಳು ಅನುಭವಕ್ಕೆ ಬಂದಿದ್ದವು. ಮರುವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ತೀವ್ರತೆ ಸುಮಾರು 6.2ರ ಭೂಕಂಪ ಸಂಭವಿಸಿತು. ಹಾಗೆಂದು ಪ್ರತಿ ಸಣ್ಣ ಕಂಪನವೂ ದೊಡ್ಡದರ ಮುನ್ಸೂಚನೆಯಲ್ಲ; ಬಹುಪಾಲು ತಾವಾಗಿಯೇ ಅಡಗುತ್ತವೆ. ಯಾವುದು ಅಡಗುವುದು, ಯಾವುದು ಬೆಳೆಯುವುದು ಎಂದು ಮುಂಚಿತವಾಗಿ ಹೇಳುವ ವಿಧಾನ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ದಿನಾಂಕ, ಸಮಯ ಸಹಿತ ಮೊಬೈಲುಗಳಲ್ಲಿ ಹರಿದಾಡುವ ಭವಿಷ್ಯವನ್ನು ಸದಸ್ಯರು ಸುಳ್ಳೆಂದೇ ಹೇಳಬಹುದು.

ಕಿಲ್ಲಾರಿಯು ಆಗಿನ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ಕೈಬಿಡಲಾಯಿತು. ಅಲ್ಲಿ 7,900ಕ್ಕೂ ಹೆಚ್ಚು ಜನರು ಮೃತಪಟ್ಟರು, ಮತ್ತು ಅವರಲ್ಲಿ ಬಹುತೇಕರು ಮೃತಪಟ್ಟದ್ದು ಮಲಗಿದ್ದ ಮನೆಗಳು ಕುಸಿದು. ಮಣ್ಣಿನಲ್ಲಿ ಕಟ್ಟಿದ ಒರಟುಕಲ್ಲಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಅಲುಗಾಟಕ್ಕೆ ಗೋಡೆಯ ಒಳಮುಖ ಮತ್ತು ಹೊರಮುಖಗಳು ಬೇರ್ಪಟ್ಟು, ಮಾಳಿಗೆ ಇಡಿಯಾಗಿ ಕೆಳಗೆ ಬಿತ್ತು. ಇದೇ ಬಗೆಯ ಮನೆಗಳು ಗಡಿಯ ಈಚೆಗೂ ಹಲವು ಗ್ರಾಮಗಳಲ್ಲಿವೆ. ಸೋರಿಕೆ ತಡೆಯಲು ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕುವ ರೂಢಿಯಿಂದ ಅದರ ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಹಳೆಯ ಮಣ್ಣನ್ನು ತೆಗೆದ ನಂತರವೇ ಹೊಸದನ್ನು ಹಾಕಿಸುವುದು ಖರ್ಚಿಲ್ಲದ ಸುಧಾರಣೆ.

ಹೊಸ ಕಟ್ಟಡಗಳಲ್ಲಿ ಮುಖ್ಯವಾದುದು, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿದು ಎಲ್ಲಿಯೂ ತುಂಡಾಗದ ಕಬ್ಬಿಣ ಸಹಿತ ಕಾಂಕ್ರೀಟ್ ಪಟ್ಟಿ. ಬಾಗಿಲಿನ ಮೇಲೆ ಮಾತ್ರ ಲಿಂಟಲ್ ಹಾಕಿ ನಿಲ್ಲಿಸುವುದು ಈ ಪಟ್ಟಿಗೆ ಸಮನಲ್ಲ. ಗುತ್ತಿಗೆದಾರರು ಉಳಿತಾಯ ಮಾಡುವುದು ಹೆಚ್ಚಾಗಿ ಇಲ್ಲಿಯೇ. ಕಲ್ಲಿನ ಗೋಡೆಯಾದಲ್ಲಿ ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ, ಗೋಡೆಯ ಎರಡೂ ಮುಖಗಳನ್ನು ಮುಟ್ಟುವ ಇಡಿಗಲ್ಲುಗಳನ್ನು ಕೂರಿಸಬೇಕು. ಬಾಗಿಲು ಕಿಟಕಿಗಳು ಮೂಲೆಗೆ ಅಂಟಿಕೊಂಡಿರಬಾರದು. ಕಟ್ಟಡ ಮುಗಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ವಸತಿ ಯೋಜನೆಯ ಮನೆಯಾಗಲಿ ಅಂಗನವಾಡಿಯಾಗಲಿ, ಗೋಡೆಯು ಲಿಂಟಲ್ ಮಟ್ಟಕ್ಕೆ ಬಂದ ದಿನವೇ ಸದಸ್ಯರು ಸ್ಥಳಕ್ಕೆ ಭೇಟಿ ನೀಡುವುದು ಸೂಕ್ತ.

ಕಂಪನದ ಅನುಭವವಾದಾಗ ಸಮಯ, ಸ್ಥಳ ಮತ್ತು ಸದ್ದಿನ ಸ್ವರೂಪವನ್ನು ಬರೆದುಕೊಂಡು ಪಂಚಾಯತಿ ಕಚೇರಿಗೂ ತಹಶೀಲ್ದಾರರ ಕಚೇರಿಗೂ ತಿಳಿಸಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳ ದಾಖಲೆಯೊಂದಿಗೆ ಹೋಲಿಸಿದಾಗ ಅದು ಭೂಕಂಪನವೋ ಕಲ್ಲುಗಣಿಯ ಸ್ಫೋಟವೋ ತಿಳಿಯುತ್ತದೆ. ಶಾಲೆ, ಅಂಗನವಾಡಿಗಳ ಗೋಡೆಯಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆದು, ಛಾಯಾಚಿತ್ರ ತೆಗೆಸಿಡಬೇಕು. ಬಿರುಕು ಗುರುತನ್ನು ದಾಟಿ ಬೆಳೆದಿದ್ದಲ್ಲಿ ಅಭಿಯಂತರರ ಪರಿಶೀಲನೆಯಾಗುವವರೆಗೆ ಮಕ್ಕಳನ್ನು ಆ ಕೊಠಡಿಯಲ್ಲಿ ಕೂರಿಸತಕ್ಕದ್ದಲ್ಲ.